ಬೆಕ್ಕಿಗೆ ಎಲ್ವಿಶ್ ಹೆಸರಿಡುವ ಮುನ್ನ ಟೋಲ್ಕೀನ್ ಬದುಕನ್ನೊಮ್ಮೆ ನೋಡಿ

1959ರ ಅಕ್ಟೋಬರ್. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಬೆಕ್ಕಿನ ತಳಿ ಬೆಳೆಸುತ್ತಿದ್ದವರೊಬ್ಬರಿಗೆ ಒಂದು ಆಸೆ. ತಮ್ಮಲ್ಲಿ ಹುಟ್ಟಿದ ಸಯಾಮಿ ಮರಿಗಳನ್ನು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಹೆಸರುಗಳಲ್ಲೇ ನೋಂದಾಯಿಸಬೇಕು ಅಂತ. ಅನುಮತಿ ಕೇಳಿದರು. ಲೇಖಕ ಜೆ. ಆರ್. ಆರ್. ಟೋಲ್ಕೀನ್ ಈ ಬಗ್ಗೆ ತಮ್ಮ ಪ್ರಕಾಶಕರಿಗೆ ಬರೆದ ಪತ್ರದ ಸಾರಾಂಶ ಇಷ್ಟು: ಸಯಾಮಿ ಬೆಕ್ಕು ಅಂದರೆ ತಮ್ಮ ಪಾಲಿಗೆ ಮೋರ್ಡರ್‌ನ ಪ್ರಾಣಿಸಂಕುಲಕ್ಕೆ ಸೇರಿದ್ದು, ಆದರೆ ಈ ಮಾತನ್ನು ಆ ಬೆಕ್ಕಿನವರಿಗೆ ಹೇಳೋದು ಬೇಡ. ಮೋರ್ಡರ್ ಅನ್ನೋದು ಆ ಕಾದಂಬರಿಯ ಖಳನಾಯಕ ಸೌರಾನ್‌ನ ರಾಜ್ಯ ಅನ್ನೋದು ಗೊತ್ತಿದ್ದವರಿಗೆ ಈ ಉತ್ತರದ ತಮಾಷೆ ಅರ್ಥವಾಗುತ್ತೆ.

ಆರೂವರೆ ದಶಕ ಕಳೆದಿದೆ. ನಾಯಿಮರಿ ತಂದವರು, ಬೆಕ್ಕು ದತ್ತು ತಗೊಂಡವರು ಹೆಸರು ಹುಡುಕುವಾಗ ಎಲ್ವಿಶ್ ಪದಪಟ್ಟಿ ತೆರೆದು ಕೂರೋದು ಈಗ ಮಾಮೂಲಿ. ಅರ್ವೆನ್, ಲೂಥಿಯನ್, ಲೆಗೊಲಾಸ್, ಗ್ಲಾರ್ಫಿಂಡೆಲ್. ಕೇಳೋಕೆ ಇಂಪು, ಪಕ್ಕದ ಮನೆಯ ನಾಯಿಗೆ ಇಲ್ಲದ ಹೆಸರು ಅನ್ನೋ ಖುಷಿ ಬೇರೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಭಾಷೆಗಳನ್ನು ಒಂದೊಂದೇ ಪದ ಜೋಡಿಸಿ ಕಟ್ಟಿದ ಮನುಷ್ಯನ ಬದುಕನ್ನು ನೋಡಿದರೆ, ಹೆಸರು ಆರಿಸುವ ನಮ್ಮ ಅಭ್ಯಾಸದ ಬಗ್ಗೆ ಒಂದು ಪ್ರಶ್ನೆ ಏಳುತ್ತೆ. ನಾವು ಹೆಸರಿಡುತ್ತಿರೋದು ಎದುರಿಗಿರುವ ಆ ಜೀವಕ್ಕೋ, ನಮ್ಮ ಅಭಿರುಚಿಗೋ?

ಕತ್ತೆ ಅಂದರೆ ನಲವತ್ತು

ಜಾನ್ ರೊನಾಲ್ಡ್ ರೂಯೆಲ್ ಟೋಲ್ಕೀನ್ ಹುಟ್ಟಿದ್ದು 1892ರ ಜನವರಿ 3ರಂದು, ಈಗಿನ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ಅಪ್ಪ ಆರ್ಥರ್ ಅಲ್ಲಿ ಬ್ಯಾಂಕ್ ಮ್ಯಾನೇಜರ್. 1895ರಲ್ಲಿ ತಾಯಿ ಮೇಬಲ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ತವರಿಗೆ ಬಂದರು. ಹಿಂದೆಯೇ ಬರಬೇಕಿದ್ದ ಅಪ್ಪ ಬರಲಿಲ್ಲ. 1896ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು.

ಬರ್ಮಿಂಗ್‌ಹ್ಯಾಮ್ ಹೊರವಲಯದ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ಆ ವಿಧವೆ ತಾಯಿ ಮಕ್ಕಳಿಗೆ ತಾನೇ ಮೇಷ್ಟ್ರಾದಳು. ಲ್ಯಾಟಿನ್ ಕಲಿಸಿದಳು, ಗಿಡಮರಗಳ ಪರಿಚಯ ಮಾಡಿಸಿದಳು. ಹುಡುಗನಿಗೆ ಪದದ ಅರ್ಥಕ್ಕಿಂತ ಮೊದಲು ಅದರ ಸದ್ದು ಹಿಡಿಸುತ್ತಿತ್ತು. ಮುಂದೆ ಅವರು ಬರ್ಮಿಂಗ್‌ಹ್ಯಾಮ್‌ನ ಕಿಂಗ್ಸ್ ಹೀತ್ ಬಡಾವಣೆಗೆ ಬಂದಾಗ ಮನೆಯ ಹಿಂದೆಯೇ ರೈಲು ಹಳಿ. ದಕ್ಷಿಣ ವೇಲ್ಸ್‌ನಿಂದ ಕಲ್ಲಿದ್ದಲು ತುಂಬಿಕೊಂಡು ಬರುವ ಬೋಗಿಗಳ ಮೇಲೆ ಊರುಗಳ ಹೆಸರು ಬರೆದಿರುತ್ತಿತ್ತು. ಓದಲು ಬರುತ್ತಿತ್ತು, ಸರಿಯಾಗಿ ಉಚ್ಚರಿಸಲು ಬರುತ್ತಿರಲಿಲ್ಲ, ಅರ್ಥವಂತೂ ಗೊತ್ತೇ ಇಲ್ಲ. ಆದರೂ ಆ ವೆಲ್ಶ್ ಹೆಸರುಗಳು ಹುಡುಗನ ತಲೆಯಲ್ಲಿ ಕೂತವು. ಸುಮಾರು ಎರಡು ದಶಕದ ನಂತರ ಎಲ್ಫ್‌ಗಳ ಒಂದು ಭಾಷೆಯ ನಾದ ರೂಪುಗೊಂಡಿದ್ದು ಇದೇ ವೆಲ್ಶ್ ಮಾದರಿಯಲ್ಲಿ.

1904ರ ನವೆಂಬರ್‌ನಲ್ಲಿ ಮೇಬಲ್ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಇನ್ಸುಲಿನ್ ಬರಲು ಇನ್ನೂ ಬಹಳ ವರ್ಷ ಇತ್ತು. ಹನ್ನೆರಡು ವರ್ಷದ ಹುಡುಗ ಅನಾಥನಾದ. ಕ್ಯಾಥೊಲಿಕ್ ಪಾದ್ರಿ ಫ್ರಾನ್ಸಿಸ್ ಮಾರ್ಗನ್ ಅಣ್ಣತಮ್ಮಂದಿರಿಗೆ ಪೋಷಕರಾದರು.

ಹೆಚ್ಚು ಕಡಿಮೆ ಈ ಕಾಲಕ್ಕೇ ಮೇರಿ ಮತ್ತು ಮಾರ್ಜರಿ ಇಂಕಲ್ಡನ್ ಎಂಬ ಸಂಬಂಧಿಕರ ಹುಡುಗಿಯರು ಆಟಕ್ಕೆಂದು ಒಂದು ಭಾಷೆ ಕಟ್ಟಿಕೊಂಡಿದ್ದರು. ಹೆಸರು ಆನಿಮಾಲಿಕ್. ಅದರ ಪದಕೋಶ ಬಹುಪಾಲು ಪ್ರಾಣಿಪಕ್ಷಿಗಳ ಹೆಸರೇ. ಅದರಲ್ಲಿ ನಲವತ್ತು ಅಂದರೆ ಕತ್ತೆ, ಕತ್ತೆ ಅಂದರೆ ನಲವತ್ತು. ದೊಡ್ಡವರಿಗೆ ತಲೆಬುಡ ಗೊತ್ತಾಗಬಾರದು, ಅಷ್ಟೇ ಉದ್ದೇಶ. ಟೋಲ್ಕೀನ್ ಅದನ್ನು ಸ್ವಲ್ಪ ಕಲಿತ. ಅದರ ಮುಂದಿನ ಆಟವಾದ ನೆವ್‌ಬಾಶ್ ಎಂಬ ಭಾಷೆ ಕಟ್ಟುವುದರಲ್ಲಿ ಕೈಜೋಡಿಸಿದ. ನಂತರ ಸ್ಪ್ಯಾನಿಷ್ ಛಾಯೆಯ ನಫ್ಫರಿನ್ ಅನ್ನು ಒಬ್ಬನೇ ಕಟ್ಟಿದ. ಬಹಳ ಮಕ್ಕಳು ಇಂಥ ಗುಟ್ಟಿನ ಭಾಷೆ ಆಡುತ್ತಾರೆ, ನಮ್ಮಲ್ಲಿ 'ಕ' ಸೇರಿಸಿ ಮಾತಾಡೋ ಹಾಗೆ. ದೊಡ್ಡವರಾದ ಮೇಲೆ ಬಿಟ್ಟುಬಿಡುತ್ತಾರೆ. ಈ ಹುಡುಗ ಬಿಡಲಿಲ್ಲ.

ಪಾಲು ಹಾಲಾದ ಹಾಗೆ

1911ರಲ್ಲಿ ಆಕ್ಸ್‌ಫರ್ಡ್‌ನ ಎಕ್ಸೆಟರ್ ಕಾಲೇಜು ಸೇರಿದ ಟೋಲ್ಕೀನ್‌ಗೆ ಗ್ರಂಥಾಲಯದಲ್ಲಿ ಫಿನ್ನಿಷ್ ವ್ಯಾಕರಣದ ಪುಸ್ತಕವೊಂದು ಸಿಕ್ಕಿತು. ಫಿನ್ನಿಷ್‌ನ ಸದ್ದು ಅವರನ್ನು ಎಷ್ಟು ಹಿಡಿಯಿತೆಂದರೆ ಪಠ್ಯ ಹಿಂದೆ ಬಿತ್ತು. 1913ರಲ್ಲಿ ಗ್ರೀಕ್-ಲ್ಯಾಟಿನ್ ಬಿಟ್ಟು ಇಂಗ್ಲಿಷ್ ವಿಭಾಗಕ್ಕೆ ಬದಲಾದರು. 1915ರ ಹೊತ್ತಿಗೆ ಕೈಯಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ಫಿನ್ನಿಷ್ ನಾದದ, ಸ್ವಂತ ಭಾಷೆಯೊಂದರ ಪದಕೋಶ. ಅದೇ ಮುಂದೆ ಕ್ವೆನ್ಯಾ ಆಯಿತು. ವೆಲ್ಶ್ ನಾದದ ಇನ್ನೊಂದು ಭಾಷೆ ಹಲವು ಸಲ ರೂಪ ಬದಲಿಸಿ ಸಿಂಡರಿನ್ ಆಯಿತು.

ಇವೆರಡೂ ಬೇರೆ ಬೇರೆಯಾಗಿ ಹುಟ್ಟಿದ ಪದಪಟ್ಟಿಗಳಲ್ಲ ಅನ್ನೋದು ಇಲ್ಲಿ ಮುಖ್ಯ. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲು ಆಯಿತು, ತಮಿಳಿನಲ್ಲಿ ಪಾಲ್ ಆಗಿಯೇ ಉಳಿಯಿತು. ಮೂಲ ಒಂದೇ, ಧ್ವನಿ ಬದಲಾಗುವ ನಿಯಮ ಬೇರೆ. ಟೋಲ್ಕೀನ್ ಇದನ್ನೇ ಮಾಡಿದರು. ಎಲ್ಫ್‌ಗಳಿಗೆ ಒಂದು ಆದಿಭಾಷೆ ಊಹಿಸಿ, ಅದರಿಂದ ನಿಯಮಬದ್ಧವಾಗಿ ಎರಡು ಕವಲು ಒಡೆಸಿದರು. ಮರಕ್ಕೆ ಕ್ವೆನ್ಯಾದಲ್ಲಿ ಆಲ್ಡಾ, ಸಿಂಡರಿನ್‌ನಲ್ಲಿ ಗಲಧ್. ಕುದುರೆಗೆ ಒಂದರಲ್ಲಿ ರೊಕ್ಕೊ, ಇನ್ನೊಂದರಲ್ಲಿ ರೊಖ್. ಇಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದು ಅಚ್ಚರಿ. ಹೆಸರು ಬೇಕಾದಾಗ ಒಂದು ಹೆಸರು ಹೊಸೆಯೋದಲ್ಲ, ಹೆಸರು ತಾನಾಗಿ ಹುಟ್ಟುವಂಥ ಒಂದು ಇಡೀ ವ್ಯವಸ್ಥೆಯನ್ನೇ ಕಟ್ಟೋದು. ಕತೆ ಹುಟ್ಟಿದ್ದು ಆಮೇಲೆ. ಭಾಷೆಗೆ ಆಡುವ ಜನ ಬೇಕು, ಜನರಿಗೆ ಇತಿಹಾಸ ಬೇಕು, ಅದಕ್ಕಾಗಿಯೇ ಕತೆ ಅಂತ ಅವರು ಕೊನೆಯವರೆಗೂ ಹೇಳುತ್ತಿದ್ದರು.

ಹಕ್ಕಿಯ ಹೆಸರಿನ ಹುಡುಗಿ

1908ರಲ್ಲಿ, ಹದಿನಾರರ ಟೋಲ್ಕೀನ್ ಬಾಡಿಗೆಗಿದ್ದ ಮನೆಯಲ್ಲೇ ಈಡಿತ್ ಬ್ರ್ಯಾಟ್ ಎಂಬ ಹತ್ತೊಂಬತ್ತರ ಹುಡುಗಿ ಇದ್ದಳು. ಅವಳೂ ತಬ್ಬಲಿ. ಪ್ರೀತಿ ಬೆಳೆಯಿತು. ವಿಷಯ ತಿಳಿದ ಪಾದ್ರಿ ಮಾರ್ಗನ್, ಇಪ್ಪತ್ತೊಂದು ತುಂಬುವವರೆಗೆ ಅವಳನ್ನು ನೋಡಬಾರದು, ಪತ್ರವೂ ಬರೆಯಬಾರದು ಅಂದರು. ಹುಡುಗ ಮಾತು ಪಾಲಿಸಿದ. 1913ರ ಜನವರಿ 3, ಇಪ್ಪತ್ತೊಂದು ತುಂಬಿದ ಗಳಿಗೆಗೆ ಪತ್ರ ಬರೆದ. ಅಷ್ಟರಲ್ಲಿ ಈಡಿತ್‌ಗೆ ಇನ್ನೊಬ್ಬರ ಜೊತೆ ನಿಶ್ಚಿತಾರ್ಥ ಆಗಿತ್ತು. ಅವಳು ಅದನ್ನು ಮುರಿದುಕೊಂಡಳು. 1916ರ ಮಾರ್ಚ್ 22ರಂದು ವಾರ್ವಿಕ್‌ನಲ್ಲಿ ಮದುವೆ. ಜೂನ್‌ನಲ್ಲಿ ಗಂಡ ಫ್ರಾನ್ಸಿನ ಯುದ್ಧಭೂಮಿಗೆ.

ಸೋಮ್ ಕದನ ಅಂದರೆ ಮೊದಲ ಮಹಾಯುದ್ಧದ ಅತಿ ದೊಡ್ಡ ನರಮೇಧಗಳಲ್ಲಿ ಒಂದು. ಶಾಲೆಯ ದಿನಗಳಿಂದ ಕೂಡಿದ್ದ ನಾಲ್ವರು ಗೆಳೆಯರಲ್ಲಿ ರಾಬ್ ಗಿಲ್ಸನ್ 1916ರ ಜುಲೈ 1ರಂದು, ಕದನದ ಮೊದಲ ದಿನವೇ ಸತ್ತ. ಜೆಫ್ರಿ ಸ್ಮಿತ್ ಡಿಸೆಂಬರ್‌ನಲ್ಲಿ ಸತ್ತ. ಉಳಿದಿದ್ದು ಟೋಲ್ಕೀನ್ ಮತ್ತು ಕ್ರಿಸ್ಟೋಫರ್ ವೈಸ್‌ಮನ್. ಹೇನಿನಿಂದ ಹರಡುವ ಕಂದಕ ಜ್ವರ ಟೋಲ್ಕೀನ್‌ರನ್ನು ನವೆಂಬರ್‌ನಲ್ಲಿ ಇಂಗ್ಲೆಂಡಿಗೆ ವಾಪಸು ತಂದಿತು. ಬಹುಶಃ ಜೀವ ಉಳಿಸಿದ್ದೂ ಅದೇ.

1917ರಲ್ಲಿ ಯಾರ್ಕ್‌ಷೈರ್‌ನ ರೂಸ್ ಎಂಬ ಹಳ್ಳಿಯ ಹತ್ತಿರ, ಬಿಳಿ ಹೂ ತುಂಬಿದ ಒಂದು ಸಣ್ಣ ಕಾಡಿನಲ್ಲಿ ಈಡಿತ್ ಗಂಡನಿಗಾಗಿ ಕುಣಿದಳು. ಗೆಳೆಯರನ್ನು ಕಳೆದುಕೊಂಡು, ಜ್ವರದಿಂದ ಎದ್ದು ಬೀಳುತ್ತಿದ್ದ ಆ ಯುವಕನಿಗೆ ಅಲ್ಲಿಂದ ಒಂದು ಕತೆ ಹುಟ್ಟಿತು. ಬೆರೆನ್ ಎಂಬ ಮನುಷ್ಯ ಕಾಡಿನಲ್ಲಿ ಕುಣಿಯುತ್ತಿದ್ದ ಎಲ್ಫ್ ರಾಜಕುಮಾರಿ ಲೂಥಿಯನ್‌ಳನ್ನು ಕಾಣುತ್ತಾನೆ. ಹೆಸರು ಗೊತ್ತಿಲ್ಲದ ಅವಳನ್ನು ಟಿನೂವಿಯೆಲ್ ಎಂದು ಕರೆಯುತ್ತಾನೆ. ಎಲ್ವಿಶ್‌ನಲ್ಲಿ ಅದು ರಾತ್ರಿ ಹಾಡುವ ನೈಟಿಂಗೇಲ್ ಹಕ್ಕಿಯ ಹೆಸರು. ಕಂಡಿದ್ದಕ್ಕೆ, ಕೇಳಿಸಿದ್ದಕ್ಕೆ ತಕ್ಕ ಹೆಸರು.

ವಾಲ್‌ರಸ್‌ನಿಂದ ರೋವರಾಂಡಮ್‌ವರೆಗೆ

ಯುದ್ಧ ಮುಗಿದ ಮೇಲೆ ಮೊದಲ ಕೆಲಸ ಸಿಕ್ಕಿದ್ದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ. 1919-20ರಲ್ಲಿ ಡಬ್ಲ್ಯು ಅಕ್ಷರದ ಕೆಲವು ಪದಗಳ ಮೂಲ ಹುಡುಕೋ ಕೆಲಸ. ಅವುಗಳಲ್ಲಿ ಒಂದು ವಾಲ್‌ರಸ್, ಉದ್ದ ಕೋರೆಹಲ್ಲಿನ ಕಡಲ ಪ್ರಾಣಿ. ಆ ಒಂದು ಪ್ರಾಣಿಯ ಹೆಸರು ಎಲ್ಲಿಂದ ಬಂತು ಅಂತ ಟೋಲ್ಕೀನ್ ಮತ್ತೆ ಮತ್ತೆ ತಿದ್ದಿ ಬರೆದರು. ನಂತರ 1920ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯ, 1925ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಆಂಗ್ಲೋ-ಸ್ಯಾಕ್ಸನ್ ಪ್ರಾಧ್ಯಾಪಕ ಹುದ್ದೆ. 1959ರಲ್ಲಿ ನಿವೃತ್ತಿ. ಹೊರಗಿನಿಂದ ನೋಡಿದರೆ ಒಬ್ಬ ಮೇಷ್ಟ್ರ ಸಪ್ಪೆ ಬದುಕು.

ಆದರೆ ಮನೆಯಲ್ಲಿ ನಾಲ್ಕು ಮಕ್ಕಳು. 1925ರಲ್ಲಿ ಫೈಲಿ ಎಂಬ ಕಡಲತೀರದಲ್ಲಿ ಎರಡನೇ ಮಗ ಮೈಕೆಲ್ ತನ್ನ ಪುಟ್ಟ ಸೀಸದ ಆಟಿಕೆ ನಾಯಿಯನ್ನು ಕಳೆದುಕೊಂಡು ಅತ್ತ. ಅಪ್ಪ ಹುಡುಕಿದರು, ಸಿಗಲಿಲ್ಲ. ಸಮಾಧಾನಕ್ಕೆ ಒಂದು ಕತೆ ಕಟ್ಟಿದರು. ರೋವರ್ ಎಂಬ ನಾಯಿ ಮಾಂತ್ರಿಕನಿಂದ ಆಟಿಕೆಯಾಗಿ, ಚಂದ್ರನಿಗೂ ಹೋಗುತ್ತೆ. ಅಲ್ಲಿ ಆಗಲೇ ರೋವರ್ ಎಂಬ ಇನ್ನೊಂದು ನಾಯಿ ಇದೆ. ಗೊಂದಲ ಬೇಡ ಅಂತ ಬಂದ ನಾಯಿಯ ಹೆಸರು ರೋವರಾಂಡಮ್ ಆಗುತ್ತೆ. ಈ ಕತೆ ಪುಸ್ತಕವಾಗಿದ್ದು 1998ರಲ್ಲಿ, ಬರೆದವರು ತೀರಿಹೋಗಿ 25 ವರ್ಷದ ಮೇಲೆ. ಗಮನಿಸಿ, ಕ್ವೆನ್ಯಾ ಆಗಲೇ ಹತ್ತು ವರ್ಷದ ಭಾಷೆ. ಆದರೂ ಅಳುವ ಮಗುವಿನ ನಾಯಿಗೆ ಅಪ್ಪ ಎಲ್ವಿಶ್ ಹೆಸರಿಡಲಿಲ್ಲ.

ಅವರ ಪುಸ್ತಕಗಳಲ್ಲೂ ಇದೇ ಕ್ರಮ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಬಂತು. ಅದರಲ್ಲಿ ರೈತ ಮ್ಯಾಗಟ್‌ನ ನಾಯಿಗಳ ಹೆಸರು ಗ್ರಿಪ್, ಫ್ಯಾಂಗ್, ವುಲ್ಫ್. ಹಿಡಿತ, ಕೋರೆಹಲ್ಲು, ತೋಳ. ಪಕ್ಕಾ ಹಳ್ಳಿ ನಾಯಿಯ ಹೆಸರುಗಳು, ನಮ್ಮ ಕರಿಯ, ಕೆಂಪನ ಹಾಗೆ. ಹಾಬಿಟ್ ಸ್ಯಾಮ್‌ನ ಕುದುರೆಮರಿಯಂಥ ಪೋನಿ ಬರೀ ಬಿಲ್. ಕುದುರೆ ಸಾಕುವ ರೋಹನ್ ನಾಡಿನ ಕುದುರೆಗಳಿಗೆ ಹಳೆಯ ಇಂಗ್ಲಿಷ್ ಹೆಸರು, ಯಾಕೆಂದರೆ ಆ ಜನರ ಮಾತನ್ನು ಲೇಖಕರು ಹಳೆಯ ಇಂಗ್ಲಿಷ್ ಆಗಿ ತೋರಿಸಿದ್ದಾರೆ. ಅರಗಾರ್ನ್‌ನ ಕುದುರೆ ರೊಹೆರಿನ್‌ಗೆ ಮಾತ್ರ ಸಿಂಡರಿನ್ ಹೆಸರು, ಅರ್ಥ ಒಡತಿಯ ಕುದುರೆ. ಅದನ್ನು ಕೊಟ್ಟವಳು ಎಲ್ಫ್‌ಗಳ ಅರ್ವೆನ್. ಅಂದರೆ ಸಾಕುವವರ ಬಾಯಲ್ಲಿ ಏನು ಬರುತ್ತೋ ಅದೇ ಸಾಕಿದ್ದರ ಹೆಸರು.

ಇಡೀ ಪುರಾಣದ ಅತಿ ದೊಡ್ಡ ನಾಯಿಯ ಹೆಸರಂತೂ ಇನ್ನೂ ಸರಳ. ಬೆರೆನ್ ಮತ್ತು ಲೂಥಿಯನ್ ಪರವಾಗಿ ತನ್ನ ಹಳೆಯ ಒಡೆಯನನ್ನೇ ಬಿಟ್ಟ, ಬದುಕಿಡೀ ಮೂರೇ ಸಲ ಮಾತಾಡಿದ, ಕೊನೆಗೆ ಕರ್ಕರೋಥ್ ಎಂಬ ತೋಳದ ಜೊತೆ ಕಾದಾಡಿ ಸತ್ತ ಆ ನಾಯಿ ಹುವಾನ್. ಎಲ್ವಿಶ್‌ನಲ್ಲಿ ಹುವಾನ್ ಅಂದರೆ ಬೇಟೆನಾಯಿ, ಅಷ್ಟೇ.

ಬೆಕ್ಕುಗಳ ವಿಷಯದಲ್ಲಿ ಮಾತ್ರ ಟೋಲ್ಕೀನ್ ಉದಾರಿಯಾಗಿರಲಿಲ್ಲ. ಬೆರೆನ್-ಲೂಥಿಯನ್ ಕತೆಯ ಮೊದಲ ರೂಪದಲ್ಲಿ ಖಳ ಟೆವಿಲ್ಡೊ, ಬೆಕ್ಕುಗಳ ರಾಜಕುಮಾರ. ಮುಂದಿನ ಬರವಣಿಗೆಯಲ್ಲಿ ಅವನ ಜಾಗಕ್ಕೆ ಬಂದವನೇ ಸೌರಾನ್. ಟೆವಿಲ್ಡೊನ ಅಡುಗೆಮನೆಯ ಬೆಕ್ಕಿನ ಹೆಸರು ಮಿಯೌಲೆ. ಮಿಯಾಂವ್ ಅನ್ನೋ ಸದ್ದು ಆ ಹೆಸರಲ್ಲೇ ಕೇಳಿಸುತ್ತೆ. ಸಯಾಮಿ ಮರಿಗಳ ಬಗ್ಗೆ 1959ರಲ್ಲಿ ಬಂದ ಉತ್ತರದ ಬೇರು ನಾಲ್ಕು ದಶಕ ಹಿಂದಿತ್ತು.

ದೋಣಿಗೆ ಸಿಟ್ಟು, ಹೋರಿಗೆ ಹೆಸರು

ಪುಸ್ತಕ ಜನಪ್ರಿಯವಾದ ಹಾಗೆಲ್ಲ ಹೆಸರುಗಳು ಅವರ ಕೈ ಮೀರಿ ಓಡಾಡತೊಡಗಿದವು. ಡಚ್ ಮತ್ತು ಸ್ವೀಡಿಷ್ ಅನುವಾದಕರು ಊರು-ಜನರ ಹೆಸರನ್ನು ತಮಗೆ ತೋಚಿದಂತೆ ಬದಲಿಸಿದಾಗ ಟೋಲ್ಕೀನ್ ಕೆರಳಿದರು. 1960ರ ದಶಕದಲ್ಲಿ ಅನುವಾದಕರಿಗೆಂದೇ ಹೆಸರುಗಳ ಕೈಪಿಡಿ ಬರೆದರು. ಯಾವುದನ್ನು ಅನುವಾದಿಸಬೇಕು, ಯಾವುದನ್ನು ಮುಟ್ಟಬಾರದು ಅಂತ ಒಂದೊಂದಕ್ಕೂ ವಿವರಣೆ. ನೀರಿನ ಮೇಲೆದ್ದು ಓಡುವ ಒಂದು ಹೈಡ್ರೋಫಾಯಿಲ್ ದೋಣಿಗೆ ಅವರ ಕುದುರೆ ಶ್ಯಾಡೋಫ್ಯಾಕ್ಸ್‌ನ ಹೆಸರಿಟ್ಟಾಗ, ಒಂದು ಮಾತೂ ಕೇಳಲಿಲ್ಲವಲ್ಲ ಅಂತ ನೊಂದರು. ಹೆಸರುಗಳಿಗೂ ಕಾಪಿರೈಟ್ ಇರಬೇಕಿತ್ತು, ಒಂದು ಹೆಸರು ಕಟ್ಟೋದು ಪದ್ಯದ ಸಾಲು ಕಟ್ಟಿದಷ್ಟೇ ಕಷ್ಟ ಅನ್ನೋದು 1964ರಲ್ಲಿ ಬರೆದ ಪತ್ರದಲ್ಲಿ ಅವರ ಅಳಲು. ಜನ ಮನೆಗಳಿಗೆ ರಿವೆಂಡೆಲ್, ಲೋರಿಯನ್ ಅಂತ ಇಟ್ಟುಕೊಳ್ಳೋದು ಆಗಲೇ ರೂಢಿಯಾಗಿತ್ತು.

1971ರ ನವೆಂಬರ್‌ನಲ್ಲಿ ಈಡಿತ್ ತೀರಿಕೊಂಡರು. ಐವತ್ತೈದು ವರ್ಷದ ದಾಂಪತ್ಯ ಮುಗಿಯಿತು. ಆಕ್ಸ್‌ಫರ್ಡ್‌ನ ವುಲ್ವರ್‌ಕೋಟ್ ಸ್ಮಶಾನದ ಆ ಸಮಾಧಿಕಲ್ಲಿನ ಮೇಲೆ ಹೆಂಡತಿಯ ಹೆಸರಿನ ಕೆಳಗೆ ಲೂಥಿಯನ್ ಎಂದು ಕೆತ್ತಿಸಬೇಕು ಅಂತ ಟೋಲ್ಕೀನ್ ತೀರ್ಮಾನಿಸಿದರು. ಬದುಕಿಡೀ ಕಟ್ಟಿದ ಭಾಷೆಯ ಸಾವಿರಾರು ಪದಗಳಲ್ಲಿ ಕಲ್ಲಿಗೇರಿದ್ದು ಅದೊಂದು.

ಸುಮಾರು ಒಂದು ವರ್ಷದ ಮೇಲೆ, 1972ರ ನವೆಂಬರ್ ಹೊತ್ತಿಗೆ, ದನದ ತಳಿ ಬೆಳೆಸುವ ಮಹಿಳೆಯೊಬ್ಬರ ಪತ್ರ ಬಂತು. ತಮ್ಮ ಹಿಂಡಿಗೆ ರಿವೆಂಡೆಲ್ ಎಂಬ ಹೆಸರು ಬಳಸಬಹುದೇ ಅಂತ. ಎಂಬತ್ತು ವರ್ಷದ, ಒಂಟಿಯಾಗಿದ್ದ ಆ ವೃದ್ಧರಿಗೆ ಒಂದು ಸಾಲಿನ ಒಪ್ಪಿಗೆ ಸಾಕಿತ್ತು. ಅವರು ಒಪ್ಪಿಗೆ ಕೊಟ್ಟು, ಬೇಕಿದ್ದರೆ ಹೋರಿಗಳಿಗೆ ಹೆಸರನ್ನೂ ತಾವೇ ಕಟ್ಟಿಕೊಡುತ್ತೇನೆ ಅಂದರು. ಎಲ್ಲೂ ಅಚ್ಚಾಗದ ಒಂದು ಎಲ್ವಿಶ್ ಪದವನ್ನೂ ಹೇಳಿದರು: ಹೋರಿಗೆ ಮುಂಡೋ.

ಅದೇ ತಿಂಗಳ ಇನ್ನೊಂದು ಪತ್ರದಲ್ಲಿ ಅವರ ನಿಲುವು ಸ್ಪಷ್ಟವಾಗಿದೆ. ಮನುಷ್ಯರ, ಅದರಲ್ಲೂ ಘನವಂತರ ಹೆಸರನ್ನು ಪ್ರಾಣಿಗಳಿಗೆ ಇಡೋದು ಅವರಿಗೆ ಇಷ್ಟವಿಲ್ಲ. ಜೊತೆಗೆ ಅರ್ಥವೂ ಕೂಡುವುದಿಲ್ಲ. ಎಲ್ರಾಂಡ್ ಅಂದರೆ ನಕ್ಷತ್ರಗಳ ಕಮಾನು, ಗ್ಲಾರ್ಫಿಂಡೆಲ್ ಅಂದರೆ ಹೊಂಗೂದಲು. ಹೋರಿಗೂ ಅದಕ್ಕೂ ಎಲ್ಲಿಯ ಸಂಬಂಧ? ಬೇಡ ಅಂದು ಸುಮ್ಮನಾಗದೆ ಮುಂಡೋ ಪದವನ್ನು ಮುಂಡ್ ಮಾಡಿದರು. ಎಡ್ಮಂಡ್, ಸಿಗಿಸ್ಮಂಡ್ ಥರ ಕರೆಯೋಕೆ ಪರಿಚಿತವಾಗಿರಲಿ ಅಂತ. ಅದಕ್ಕೆ ಎಲ್ವಿಶ್ ಪೂರ್ವಪದ ಜೋಡಿಸಿದರು. ರಾಜಗಾಂಭೀರ್ಯದ ಹೋರಿಗೆ ಆರಮುಂಡ್, ಘನತೆಯ ಹೋರಿಗೆ ತಾರ್‌ಮುಂಡ್, ಕೊಂಬಿನ ಹೋರಿಗೆ ರಾಸ್‌ಮುಂಡ್, ಹೋರಿಗಳ ಮುಖಂಡನಿಗೆ ತುರ್ಕೊಮುಂಡ್. ಇವು ಹೇಗಿವೆ ಅಂತ ಆಕೆಯ ಅಭಿಪ್ರಾಯವನ್ನೂ ಕೇಳಿದರು. 1973ರ ಸೆಪ್ಟೆಂಬರ್ 2ರಂದು ಬೋರ್ನ್‌ಮತ್‌ನಲ್ಲಿ ಟೋಲ್ಕೀನ್ ತೀರಿಕೊಂಡರು. ಅದೇ ಸಮಾಧಿಕಲ್ಲಿಗೆ ಅವರ ಹೆಸರೂ, ಕೆಳಗೆ ಬೆರೆನ್ ಎಂದೂ ಸೇರಿತು.

ಹಾಗಾದರೆ ನಾವೇನು ಮಾಡೋಣ?

ಅವರು ಬೇಡ ಅಂದರು, ಹಾಗಾಗಿ ಯಾರೂ ಇಡಬಾರದು ಅನ್ನೋದು ನನ್ನ ವಾದವಲ್ಲ. ಹೆಸರು ಒಮ್ಮೆ ಹೊರಬಿದ್ದ ಮೇಲೆ ಊರಿನ ಸೊತ್ತು. ಆದರೆ ಆ ನಾಲ್ಕು ಹೋರಿಗಳ ಹೆಸರು ಹುಟ್ಟಿದ ಕ್ರಮ ನಮಗೆ ಒಳ್ಳೆಯ ಪಾಠ. ಮೊದಲು ಪ್ರಾಣಿ ಯಾವುದು ಅಂತ ನೋಡಿದರು. ಆಮೇಲೆ ಅದರ ಗುಣ, ಕೊಂಬು, ಗತ್ತು. ಕೊನೆಗೆ ದಿನಾ ಕರೆಯುವವರ ನಾಲಿಗೆ.

ಪಟ್ಟಿಯಿಂದ ನೇರ ಎತ್ತಿಕೊಳ್ಳುವವರಿಗೆ ಇನ್ನೂ ಒಂದು ಎಚ್ಚರಿಕೆ. ಟೋಲ್ಕೀನ್ ಈ ಭಾಷೆಗಳನ್ನು ಕೊನೆಯವರೆಗೂ ತಿದ್ದುತ್ತಲೇ ಇದ್ದರು. ಸಾಫ್ಟ್‌ವೇರ್‌ನವರ ಮಾತಲ್ಲಿ ಹೇಳೋದಾದರೆ ಇದಕ್ಕೆ ಕೊನೆಯ ಆವೃತ್ತಿ ಅನ್ನೋದು ಬಿಡುಗಡೆ ಆಗಲೇ ಇಲ್ಲ. 1915ರ ಪದ, 1950ರ ದಶಕದ ಪದ, ಅವರ ಕಾಲದ ನಂತರ ಅಭಿಮಾನಿಗಳು ಕಟ್ಟಿದ ಪದ, ಎಲ್ಲ ಒಂದೇ ಪಟ್ಟಿಯಲ್ಲಿ ಕಲೆತಿರುತ್ತವೆ. ಕ್ವೆನ್ಯಾದ ಅರ್ಧ, ಸಿಂಡರಿನ್‌ನ ಅರ್ಧ ಸೇರಿಸಿದರೆ ಅದು ತಮಿಳಿನ ಪಾಲ್‌ಗೆ ಕನ್ನಡದ ಪ್ರತ್ಯಯ ಅಂಟಿಸಿದ ಹಾಗೆ. ಅರ್ಥ ಖಚಿತವಾದ ಚಿಕ್ಕ ಪದ ಆರಿಸೋದು ಲೇಸು. ಸಿಂಡರಿನ್‌ನಲ್ಲಿ ಮೋರ್ನ್ ಅಂದರೆ ಕಪ್ಪು. ಕಪ್ಪು ನಾಯಿಗೆ ಮೋರ್ನ್ ಅಂತಿಟ್ಟರೆ ನೀವು ಇಟ್ಟಿದ್ದು ಕರಿಯ ಅಂತಲೇ. ಎಲ್ಫ್‌ಗಳೂ ನಮ್ಮ ಅಜ್ಜಂದಿರೂ ಈ ವಿಷಯದಲ್ಲಿ ಒಂದೇ. ಹೊಂಬಣ್ಣದ ಗೋಲ್ಡನ್ ರಿಟ್ರೀವರ್‌ಗೆ ಗ್ಲಾರ್ಫಿಂಡೆಲ್ ಅಂದರೆ ಅರ್ಥವೇನೋ ಕೂಡುತ್ತೆ, ಘನವಂತರ ಹೆಸರು ಅನ್ನೋ ತಕರಾರು ಉಳಿಯುತ್ತೆ. ಆದರೆ ಲೂಥಿಯನ್ ಅನ್ನೋ ಹೆಸರನ್ನು ನಾನಂತೂ ಯಾವ ಬೆಕ್ಕಿಗೂ ಇಡಲಾರೆ. ಅದು ಒಬ್ಬರಿಗೆ ಸೇರಿದ್ದು, ಕಲ್ಲಿನ ಮೇಲಿದೆ.

'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಒಂದು ಚಿಕ್ಕ ಪ್ರಸಂಗ ಇದೆ, ಓದುವ ಅವಸರದಲ್ಲಿ ದಾಟಿಹೋಗುವಂಥದ್ದು. ಹಾಬಿಟ್‌ಗಳ ಐದು ಪೋನಿಗಳು ರಾತ್ರಿ ತಪ್ಪಿಸಿಕೊಂಡು ಓಡುತ್ತವೆ. ಅವುಗಳಿಗೆ ಒಡೆಯ ಮೆರ್ರಿ ಅಂಥ ಹೆಸರುಗಳನ್ನೇನೂ ಇಟ್ಟಿರಲಿಲ್ಲ. ಕಾಡಿನ ಟಾಮ್ ಬೊಂಬಾಡಿಲ್ ಅವುಗಳನ್ನು ಹುಡುಕಿ ತಂದು, ಚೂಪುಗಿವಿ, ಬಾಲಬೀಸಣಿಗೆ, ಬಿಳಿಕಾಲು ಅನ್ನೋ ಥರದ ಹೆಸರುಗಳಲ್ಲಿ ಕರೆಯುತ್ತಾನೆ. ಅಂದಿನಿಂದ ಸಾಯುವವರೆಗೂ ಅವು ಆ ಹೆಸರಿಗೇ ಓಗೊಟ್ಟವು. ಒಂದು ಹೆಸರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಪದಪಟ್ಟಿ ಮುಚ್ಚಿ, ಮರಿಯನ್ನು ಒಂದೆರಡು ದಿನ ಸುಮ್ಮನೆ ನೋಡಿ. ಆಮೇಲೆ ಕರೆಯಿರಿ. ತಿರುಗಿ ನೋಡಿದರೆ ಹೆಸರು ಸರಿಯಿದೆ, ಅದು ಯಾವ ಭಾಷೆಯದ್ದಾದರೂ.